ರೋಬಾಟಿನ ಹಣೆಗೆ ವಿಭೂತಿ

ಇದನ್ನು ಹೇಳಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಒಮ್ಮೆ ಮೊಣಕಾಲು ನೋವು ಅಂದೆ, ಒಮ್ಮೆ ಮನೆ ತುಂಬ ನೆಂಟರು ಅಂದೆ. ನಿಜವಾದ ಕಾರಣ ಹೇಡಿತನ.

ಶಿಕಾರಿಪುರದಲ್ಲಿ ಕಬ್ಬಿಣ ಕಡೆಯುವ ನನ್ನದೊಂದು ಲೇತ್ ಶೆಡ್ ಇತ್ತು. ಸೊರಬದಲ್ಲಿರುವ ತಂಗಿಯ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ರೋಬಾಟುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಸಣ್ಣ ಶೆಡ್ಡುಗಳಲ್ಲೂ ದುಡಿಯಬಲ್ಲ ಯಂತ್ರದ ತೋಳೊಂದನ್ನು ಮಾಡಿ ನನ್ನ ಲೇತಿನ ಪಕ್ಕ ತಂದು ನಿಲ್ಲಿಸಿದಳು. ಅದರ ಕ್ಯಾಮೆರಾ ಪುಲ್ಲಿಯನ್ನು, ಅಂದರೆ ಬೆಲ್ಟ್ ತಿರುಗುವ ಕಬ್ಬಿಣದ ಗಾಲಿಯನ್ನು, ಗುರುತಿಸಬೇಕು, ತೋಳು ಅದನ್ನೆತ್ತಿ ಲೇತಿಗೆ ಕೊಡಬೇಕು. ದಸರಾ ಮುಗಿದ ಮೇಲೆ ಅವಳ ಕಾಲೇಜಿನ ಪ್ರೊಫೆಸರು ನೋಡಲು ಬರುವವರಿದ್ದರು. ಅವರು ಒಪ್ಪಿದರಷ್ಟೇ ಅವಳ ಕೆಲಸ ಮುಂದಕ್ಕೆ.

“ಏನವ್ವಾ, ಇದಕ್ಕೂ ಹೊತ್ತಿಗೆ ಸರಿಯಾಗಿ ಚಾ ಕೊಡ್ಬೇಕಾ?” ಎಂದು ಅಣಕಿಸಿದೆ.

“ಬ್ಯಾಡ ಮಾವ. ಅದು ನಿಮ್ಮಂಗೆ ಹರಟೆ ಹೊಡಿಯಲ್ಲ.”

ಎಲ್ಲರಿಗಿಂತ ಮೊದಲು ನಕ್ಕವನು ಲೇತ್ ನಡೆಸುವ ನನ್ನ ಟರ್ನರ್. ಎಸ್ಸೆಸ್ಸೆಲ್ಸಿ ಓದಿದ ಯಜಮಾನ ನಾನು, ನನ್ನ ಜಂಬಕ್ಕೆ ಅದು ಮುಳ್ಳಾಯಿತು.

ಎಲ್ಲ ಸರಿಮಾಡಿಟ್ಟು ಅವಳು ಹಬ್ಬಕ್ಕೆ ಸೊರಬಕ್ಕೆ ಹೋದಳು. ಆಯುಧಪೂಜೆಯ ದಿನ ಲೇತಿಗೆ, ಡ್ರಿಲ್ಲಿಗೆ ವಿಭೂತಿ ಎಳೆದು ತೋಳಿನ ಹತ್ತಿರ ಬಂದೆ. ಇದರ ಹಣೆ ಎಲ್ಲಿ? ಮೇಲೆ ಹೊಳೆಯುತ್ತಿದ್ದ ಗಾಜೇ ಹಣೆಯಿರಬೇಕೆಂದು ಮೂರು ಬೆರಳು ಎಳೆದೆ. ಅದು ಕ್ಯಾಮೆರಾದ ಕಣ್ಣೆಂದು ಆಮೇಲೆ ಹೊಳೆಯಿತು. ಲೇತ್ ಒರೆಸುವ ಬಟ್ಟೆಯಿಂದ ತಿಕ್ಕಿದೆ. ಬಟ್ಟೆಯಲ್ಲಿ ಕಬ್ಬಿಣದ ಪುಡಿ. ಗಾಜಿನ ತುಂಬ ಗೀರು. ಕಂಡೂ ಬಾಯಿ ಮುಚ್ಚಿಕೊಂಡೆ.

ಹಬ್ಬ ಮುಗಿಸಿ ಅವಳು ಪ್ರೊಫೆಸರ ಜೊತೆಗೇ ಶೆಡ್ಡಿಗೆ ಬಂದಳು. ಅವರ ಎದುರಿಗೆ ತೋಳು ಮೂರು ಸಲ ಗಾಳಿಯನ್ನು ಹಿಡಿಯಿತು. ನಾಲ್ಕನೇ ಸಲ ಪುಲ್ಲಿಯನ್ನು ನೆಲಕ್ಕೆ ಬೀಳಿಸಿತು.

“ಕಣ್ಣಿನ ಡಾಕ್ಟ್ರಿಗೆ ತೋರ್ಸವ್ವಾ!” ಎಂದು ನಕ್ಕೆ. ಆ ಕಣ್ಣು ಕೆಡಿಸಿದ ಮಹಾನುಭಾವ ನಾನೇ.

ಅವಳು ಕ್ಯಾಮೆರಾ ಬಿಚ್ಚಿ ನೋಡಿದಳು. “ಯಾರು ಒರೆಸಿದ್ದು ಇದನ್ನ?”

ನಾನು ಗದ್ದ ಎತ್ತಿ ಟರ್ನರ್ ಕಡೆ ತೋರಿಸಿದೆ. ಅವನು ನನ್ನನ್ನೊಮ್ಮೆ ನೋಡಿ, “ಹೌದಕ್ಕಾ, ನಾನೇ. ತಿಳೀಲಿಲ್ಲ” ಎಂದ. ಎಲ್ಲರೆದುರು ಬೈಸಿಕೊಂಡ. ಮರುವಾರದಿಂದ ಕೆಲಸಕ್ಕೆ ಬರಲಿಲ್ಲ.

ಪ್ರೊಫೆಸರು ಒಪ್ಪಲಿಲ್ಲ. ಅವಳು ಬೇರೆ ಕಾಲೇಜು ಹಿಡಿದು ಮೊದಲಿಂದ ಶುರುಮಾಡಿದಳು. ಈಗ ಕಾರ್ಖಾನೆಗಳಿಗೆ ಅಂಥವೇ ತೋಳುಗಳನ್ನು ಮಾಡುತ್ತಾಳೆ. ಹೋದ ವರ್ಷ ಅವಳಿಗೆ ಫೋನ್ ಮಾಡಿ ನಿಜ ಹೇಳಿದೆ. “ಹೋಗ್ಲಿ ಬಿಡಿ ಮಾವ” ಎಂದಳು. ದೊಡ್ಡ ಪಾಪ ತೊಳೆದವನಂತೆ ಬೀಗಿದೆ. ಕ್ಷಮಿಸುತ್ತಾಳೆಂದು ಗೊತ್ತಿದ್ದವಳನ್ನೇ ಆರಿಸಿ ಕೇಳಿದ ಶೂರ!

ಇನ್ನೊಬ್ಬನಿದ್ದಾನೆ. ಕುಪ್ಪಗಡ್ಡೆಯಲ್ಲಿ, ಬಸ್ಸು ಹತ್ತಿದರೆ ಮುಟ್ಟುವಷ್ಟು ಹತ್ತಿರದಲ್ಲಿ. ಅವನೆದುರು ನಾನು ಇವತ್ತಿನವರೆಗೂ ತಪ್ಪಾಯಿತು ಅಂದಿಲ್ಲ: ಇಪ್ಪತ್ತೆರಡು ವರ್ಷ ನನ್ನ ಲೇತ್ ನಡೆಸಿದ ಆ ಟರ್ನರ್.