ಪುಗ್ಗಾದೊಳಗಿನ ಮಾತು

ಮೊನ್ನೆ ಟಿಕೋಟಾದ ಪರಿಚಯದವರೊಬ್ಬರು ಒಂದು ಪೊಟ್ಟಣ ಮಣೂಕ ಕೊಟ್ಟು ಹೋದರು. ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ನೇರವಾಗಿ ಬಂದದ್ದು, ಅಂಗಡಿಯ ಥಳಕು ಇನ್ನೂ ಹತ್ತಿರಲಿಲ್ಲ. ಬಿಚ್ಚಿದಾಗ ಸಿಹಿಯ ಜೊತೆಗೆ ಒಂದಿಷ್ಟು ಗಂಧಕದ ಘಾಟು, ಒಂದಿಷ್ಟು ರಟ್ಟಿನ ವಾಸನೆ. ಮನೆಯಲ್ಲಿ ಉಳಿದವರಿಗೆ ಅದು ಮಣೂಕದ ವಾಸನೆ, ಅಷ್ಟೇ. ನನಗೆ ಅದು ಕಾಮಿಕ್ಸಿನ ವಾಸನೆ... ಹೊನವಾಡದ ಕಾಕಾ ತಮ್ಮ ಚಿತ್ರದ ಹಾಳೆಗಳನ್ನೆಲ್ಲ ಮಣೂಕದ ಖಾಲಿ ಪೆಟ್ಟಿಗೆಯಲ್ಲೇ ಇಟ್ಟು ತರುತ್ತಿದ್ದರು.

ವಿಜಯಪುರದ ಜಲನಗರದಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ನಾನು ಗಣಿತದ ಟ್ಯೂಷನ್ ನಡೆಸುತ್ತೇನೆ. ಐತವಾರ ಮಧ್ಯಾಹ್ನ ಬೆಂಚುಗಳು ಖಾಲಿ ಇರುತ್ತವೆ. ಕೆಲವು ವರ್ಷಗಳ ಹಿಂದೆ ನನಗೆ ಕಾದಂಬರಿ ಬರೆಯುವ ಹುಚ್ಚು ಹತ್ತಿತು. ಒಬ್ಬಳೇ ಬರೆದರೆ ಮುಗಿಯುವುದಿಲ್ಲ, ಹೇಳಿಕೊಳ್ಳಲು ಯಾರಾದರೂ ಇದ್ದರೆ ಮುಗಿದೀತು ಎಂದು ವಾಚನಾಲಯದ ಬೋರ್ಡಿಗೆ ಒಂದು ಚೀಟಿ ಅಂಟಿಸಿ ಬಂದೆ. ಕತೆ ಬರೆಯುವವರು, ಕಾಮಿಕ್ಸ್ ಬರೆಯುವವರು ಯಾರಿದ್ದರೂ ಬರಬಹುದು, ಎಷ್ಟು ಬರೆದಿರೋ ಅಷ್ಟನ್ನು ಹೇಳಿ ಹೋಗಬಹುದು ಎಂದು ಅದರಲ್ಲಿತ್ತು. ಬಂದವರು ಇಬ್ಬರು.

ಒಬ್ಬಳು ಸಾರವಾಡದ ಹುಡುಗಿ. ಇಲ್ಲಿ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಳು, ದೆವ್ವದ ಕಾದಂಬರಿ ಬರೆಯುತ್ತಿದ್ದಳು. ನೂರು ಪುಟ ದಾಟಿದರೂ ದೆವ್ವ ಬಂದಿರಲಿಲ್ಲ. ಬರುವ ದಾರಿಯಲ್ಲಿದೆ ಎನ್ನುತ್ತಿದ್ದಳು. ನಾನಾದರೂ ಮೊದಲ ಅಧ್ಯಾಯವನ್ನೇ ಬರೆದು ಹರಿದು, ಹರಿದು ಬರೆದು ಕೂತವಳು, ಅವಳಿಗೆ ಏನೂ ಅನ್ನುವಂತಿರಲಿಲ್ಲ. ಇನ್ನೊಬ್ಬರು ಈ ಕಾಕಾ. ಅವರು ರಟ್ಟಿನ ಪೆಟ್ಟಿಗೆ ಹೊತ್ತು ಮೆಟ್ಟಿಲೇರಿ ಬಂದಾಗ ಮಣೂಕ ಮಾರಲು ಬಂದಿದ್ದಾರೆ ಎಂದುಕೊಂಡು, ಬೇಡ ಎಂದು ಬಾಗಿಲಲ್ಲೇ ಹೇಳಿದೆ. ಅವರು ಪೆಟ್ಟಿಗೆ ಇಳಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ಇದರಾಗ ಒಂದ ಬಸ್ಸ ಐತ್ರಿ ಅಕ್ಕೋರ,” ಎಂದರು.

ನಿಜವಾಗಿಯೂ ಬಸ್ಸಿತ್ತು. ಹೊನವಾಡದಿಂದ ಮುಂಜಾನೆ ಬಿಡುವ ಬಸ್ಸು ಒಂದು ದಿನ ಟಿಕೋಟಾ ದಾಟಿದ ಮೇಲೆ ವಿಜಯಪುರದ ಹಾದಿ ಬಿಟ್ಟು, ತನ್ನ ಮನಸ್ಸಿಗೆ ಬಂದಂತೆ ಜೋಳದ ಹೊಲಕ್ಕೆ ಇಳಿದುಬಿಡುತ್ತದೆ. ಅಲ್ಲಿಂದ ಕತೆ. ದ್ರಾಕ್ಷಿ ತೋಟವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಕಾಕಾ ವಿಜಯಪುರದ ಮಣೂಕದ ಗೋದಾಮೊಂದರಲ್ಲಿ ಕೆಲಸಕ್ಕೆ ಬರುತ್ತಿದ್ದರು. ದಿನವೂ ಅದೇ ಬಸ್ಸು, ಅದೇ ಮಂದಿ. ಆ ಮಂದಿಯನ್ನೇ ಕಪ್ಪು ಪೆನ್ನಿನಲ್ಲಿ ಒಬ್ಬೊಬ್ಬರನ್ನಾಗಿ ಹಾಳೆಯ ಬಸ್ಸಿನೊಳಗೆ ಕೂರಿಸಿದ್ದರು. ಕೈ ಅಷ್ಟೇನೂ ಪಳಗಿದ್ದಲ್ಲ, ಬಸ್ಸಿನ ಗಾಲಿ ಒಂದೊಂದು ಪುಟದಲ್ಲಿ ಒಂದೊಂದು ಗಾತ್ರಕ್ಕಿತ್ತು. ಆದರೆ ಮುಖಗಳು ಮಾತ್ರ ಎಲ್ಲೋ ನೋಡಿದವರಂತೆ ಇರುತ್ತಿದ್ದವು.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ಮೊದಲು ಚಿತ್ರ ತೆಗೆಯುತ್ತಿದ್ದರು. ಪ್ರತಿಯೊಬ್ಬರ ತಲೆಯ ಮೇಲೆ ಮಾತಿಗೆಂದು ಒಂದು ಗುಂಡನೆಯ ಜಾಗ ಬಿಡುತ್ತಿದ್ದರು. ಅದಕ್ಕೆ ಅವರು ಪುಗ್ಗಾ ಎನ್ನುತ್ತಿದ್ದರು, ಜಾತ್ರೆಯಲ್ಲಿ ಹುಡುಗರು ಊದುವ ಪುಗ್ಗಾ. ಅದನ್ನು ಖಾಲಿಯೇ ಇಟ್ಟು, ಮರುದಿನ ಬಸ್ಸಿನಲ್ಲಿ ಆ ಮನುಷ್ಯನ ಮುಂದೆಯೇ ಹಾಳೆ ಹಿಡಿದು, “ಬಸ್ಸ ಹೊಲಕ್ಕ ಇಳದೈತಿ, ನೀ ಏನಂತಿ?” ಎಂದು ಕೇಳುತ್ತಿದ್ದರು. ಅವನು ಏನೆಂದನೋ ಅದನ್ನೇ ತುಂಬುತ್ತಿದ್ದರು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಂಡಕ್ಟರ್ ಹೇಳಿದ್ದು, “ಇಲ್ಲಿ ಸ್ಟಾಪ್ ಇಲ್ಲ, ಯಾರೂ ಇಳೀಬ್ಯಾಡ್ರಿ.” ತತ್ತಿ ಮಾರುವ ಮುದುಕಿ ಹೇಳಿದ್ದು, “ಬಸ್ಸ ಎಲ್ಲೆರ ಹೋಗ್ಲಿ, ನನ್ನ ಬುಟ್ಟಿ ಮ್ಯಾಲಿನ ಕಾಲ ತಗೀ ಮೊದಲ.” ಕಾಲೇಜಿನ ಹುಡುಗನೊಬ್ಬ, “ಇವತ್ತ ಟೆಸ್ಟ್ ಐತ್ರಿ, ಸಂಜೀತನಕ ಇಲ್ಲೇ ಇರ್ಲಿ ಬಿಡ್ರಿ,” ಎಂದಿದ್ದ. ತಾವೇ ಏಕೆ ಬರೆಯಬಾರದು ಎಂದು ನಾನು ಒಮ್ಮೆ ಕೇಳಿದೆ. ಬೇರೆಯವರ ಬಾಯೊಳಗೆ ನಮ್ಮ ಮಾತು ತುರುಕುವುದು ಬರೋಬರಿ ಅಲ್ಲ ಎಂದರು. ಕಾದಂಬರಿ ಬರೆಯುವವಳ ಮುಂದೆ ಆಡುವ ಮಾತಲ್ಲ ಅದು.

ಐತವಾರ ಕೂತ ಕೂಡಲೇ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, “ಎಲ್ಲಿಗೆ ಬಂತ್ರಿ?” ನನ್ನದು ಎಲ್ಲಿಗೂ ಬಂದಿರುತ್ತಿರಲಿಲ್ಲ. ಹುಡುಗಿಯ ದೆವ್ವ ಇನ್ನೂ ದಾರಿಯಲ್ಲಿರುತ್ತಿತ್ತು. ಕಾಕಾನ ಬಸ್ಸೊಂದೇ ಮುಂದೆ ಹೋಗುತ್ತಿದ್ದುದು. ಹೊಲ ದಾಟಿತು, ಒಂದು ದ್ರಾಕ್ಷಿ ತೋಟದೊಳಗೆ ಹೊಕ್ಕು ಚಪ್ಪರಕ್ಕೆ ಸಿಕ್ಕಿಕೊಂಡು ಬಿಡಿಸಿಕೊಂಡಿತು, ಕೊನೆಗೊಂದು ಕಾಲುವೆಯ ದಂಡೆಗೆ ಬಂದು ನಿಂತಿತು. ಕಾಲುವೆ ದಾಟಬೇಕೋ, ತಿರುಗಿ ಹೋಗಬೇಕೋ? ಬಸ್ಸಿನಲ್ಲಿ ಇದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಮಾತು ಹೇಳಬೇಕು, ಆಮೇಲೇ ಬಸ್ಸು ಅಲುಗುವುದು, ಹಾಗೆ ಅವರೇ ಕತೆ ಕಟ್ಟಿಕೊಂಡಿದ್ದರು.

ಅಲ್ಲಿ ಅದು ನಿಂತೇಬಿಟ್ಟಿತು. ಒಂದು ತಿಂಗಳು, ಎರಡು ತಿಂಗಳು. ಕಾಕಾ ಬರುತ್ತಿದ್ದರು, ಪೆಟ್ಟಿಗೆ ತೆರೆಯುತ್ತಿದ್ದರು, ಒಂದು ಮುಷ್ಟಿ ಮಣೂಕ ನಮ್ಮ ಕೈಗೆ ಹಾಕುತ್ತಿದ್ದರು, ಅದೇ ಹಾಳೆ ತೋರಿಸುತ್ತಿದ್ದರು. ಎಲ್ಲರ ಪುಗ್ಗಾ ತುಂಬಿದ್ದವು, ಒಬ್ಬನದು ಮಾತ್ರ ಖಾಲಿ. ದಪ್ಪ ಮೀಸೆಯ ಮನುಷ್ಯ. ಹಿಂದಿನ ಪುಟಗಳನ್ನು ತಿರುವಿ ನೋಡಿದರೆ ಅವನು ಮೊದಲಿನಿಂದಲೂ ಇದ್ದ, ಮೊದಲಿನಿಂದಲೂ ಬಾಯಿ ಮುಚ್ಚಿಕೊಂಡೇ ಇದ್ದ.

ಹುಡುಗಿ ಕೇಳಿಯೇಬಿಟ್ಟಳು. “ಕಾಕಾ, ಈ ಮೀಸಿ ಮನಷ್ಯಾ ಯಾಕ ಏನೂ ಮಾತಾಡವಲ್ಲ?”

“ಅಂವಾ ನನ್ನ ತಮ್ಮ ಯವ್ವಾ. ನಾ ಇನ್ನೂ ಅಂವನ್ನ ಕೇಳಿಲ್ಲ.”

“ದಿನಾ ಒಂದ ಬಸ್ಸಿನ್ಯಾಗ ಬರ್ತೀರಿ, ಕೇಳಾಕ ಏನಾಗೇತಿ?”

“ಮಾತ ಬಿಟ್ಟೀವಿ,” ಎಂದರು ಕಾಕಾ. ಅಣ್ಣ ತಮ್ಮ ಇಬ್ಬರ ಹೊಲಗಳ ನಡುವಿನ ಬದುವಿನ ಮೇಲೆ ಒಂದು ಬೇವಿನ ಗಿಡವಿತ್ತಂತೆ. ಅದರ ನೆರಳು ಇವರ ದ್ರಾಕ್ಷಿಯ ಮೇಲೆ ಬೀಳುತ್ತಿತ್ತು, ಇವರು ಕಡಿಸಿದರು. ಆ ಗಿಡದ ಬುಡದಲ್ಲಿ ತಮ್ಮ ದಿನವೂ ಊಟ ಮಾಡಿ ಒರಗುತ್ತಿದ್ದ. ಅಷ್ಟಕ್ಕೇ ಹತ್ತು ಹನ್ನೆರಡು ವರ್ಷದಿಂದ ಮಾತಿಲ್ಲ. ತಮ್ಮನಿಗೆ ವಿಜಯಪುರದ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಅವನೂ ಅದೇ ಬಸ್ಸಿಗೆ ಬರುವವನು. ಇಷ್ಟು ಹೇಳಿ ಅವರು ಹಾಳೆಯ ಮೂಲೆಯನ್ನು ಬೆರಳಿನಿಂದ ಸರಿಮಾಡುತ್ತ ಕೂತರು. “ಅಂವಾ ಬಾಯಿ ಬಿಡದ ಬಸ್ಸ ಮುಂದ ಸರಿಯಂಗಿಲ್ರಿ ಅಕ್ಕೋರ. ಎಲ್ಲಾರದೂ ಮುಗದೈತಿ, ಅಂವಂದೊಂದ ಪಾಳಿ.”

ಬರೆಯುವ ಮಂದಿ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಆ ತಮ್ಮ ಏನೆನ್ನಬಹುದು ಎಂದು ನಾವಿಬ್ಬರೂ ಪೈಪೋಟಿಯ ಮೇಲೆ ಬರೆದು ತಂದೆವು. ಹುಡುಗಿ ತಂದದ್ದು ಕಣ್ಣೀರು ಬರುವಂಥದ್ದು. ನನ್ನದರಲ್ಲಿ ಕಾಲುವೆ, ನೀರು, ಹರಿದುಹೋದ ಕಾಲ ಎಲ್ಲ ಇತ್ತು. ಕಾಕಾ ಎರಡನ್ನೂ ಓದಿದರು. “ಚಲೋ ಬರದೀರಿ. ಆದ್ರ ನನ್ನ ತಮ್ಮ ಇಷ್ಟ ಶ್ಯಾಣ್ಯಾ ಅಲ್ರಿ,” ಎಂದು ಮಡಚಿ ವಾಪಸು ಕೊಟ್ಟರು. ಇನ್ನು ಈ ಕಾಮಿಕ್ಸ್ ಮುಗಿಯುವುದಿಲ್ಲ ಎಂದು ನಾನು ಲೆಕ್ಕ ಹಾಕಿಬಿಟ್ಟೆ. ನಮ್ಮ ಮೂವರಲ್ಲಿ ಮುಗಿಸಬಲ್ಲವರು ಅವರೊಬ್ಬರೇ ಇದ್ದದ್ದರಿಂದ ಕೆಟ್ಟದೆನಿಸಿತು.

ಚಳಿ ಶುರುವಾಗುವ ಹೊತ್ತಿಗೆ ಒಂದು ಐತವಾರ ಅವರು ಎಂದಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲಿಗೆ ಬಂತ್ರಿ ಎಂದು ಕೇಳಲೂ ಬಿಡಲಿಲ್ಲ. ಶನಿವಾರ ಮುಂಜಾನೆ ಬಸ್ಸಿನಲ್ಲಿ, ಟಿಕೋಟಾ ದಾಟಿದ ಮೇಲೆ, ಅವರು ತಮ್ಮ ಸೀಟಿನಿಂದ ಎದ್ದು ಹಿಂದಕ್ಕೆ ತಿರುಗಿ ತಮ್ಮನ ಮುಂದೆ ಹಾಳೆ ಹಿಡಿದರಂತೆ. ಬಾಯಿಂದ ಏನೂ ಕೇಳಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಹಾಳೆಯನ್ನು ಮಾತ್ರ ಹಿಡಿದರು. ಬಸ್ಸಿನವರೆಲ್ಲ ಆ ಚಿತ್ರದ ಸಂಗತಿ ತಿಳಿದವರೇ ಆದ್ದರಿಂದ ಗದ್ದಲ ನಿಂತಿತು. ತಮ್ಮ ಹಾಳೆ ಇಸಿದುಕೊಂಡು ನೋಡಿದ. ನೋಡುತ್ತಲೇ ಇದ್ದ. ಊರ ಹೊರಗಿನ ಮನೆಗಳು ಬಂದವು, ಇಳಿಯುವವರು ಏಳತೊಡಗಿದರು. ಆಗ ಹಾಳೆ ತಿರುಗಿ ಕೊಟ್ಟು ಅವನು ಅಂದದ್ದು ಇಷ್ಟೇ: “ನನ್ನ ಮೀಸಿ ಹಿಂಗ ಇಲ್ಲ.”

ಕಾಕಾ ಪೆಟ್ಟಿಗೆ ತೆರೆದು ತೋರಿಸಿದರು. ಕಾಲುವೆಯ ದಂಡೆಯಲ್ಲಿ ಬಸ್ಸು ನಿಂತಿದೆ, ಇನ್ನೇನು ನೀರಿಗೆ ಬೀಳಬೇಕು, ಜನ ಸಾಯುವ ಮಾತು ಬದುಕುವ ಮಾತು ಆಡುತ್ತಿದ್ದಾರೆ, ನಡುವೆ ಒಬ್ಬ ಮನುಷ್ಯ ಹೇಳುತ್ತಿದ್ದಾನೆ, ನನ್ನ ಮೀಸಿ ಹಿಂಗ ಇಲ್ಲ. ಹುಡುಗಿ ಬೆಂಚಿನ ಮೇಲೆ ತಲೆ ಇಟ್ಟು ನಕ್ಕಳು. ಕಾಕಾನೂ ನಕ್ಕರು, ನಗುತ್ತ ನಗುತ್ತ ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಅವರು ಬರೆದದ್ದು ಜಗಳಕ್ಕಿಂತ ಹಿಂದಿನ ಮೀಸೆ. ಈಗ ತಮ್ಮನದು ಸಣ್ಣಗೆ ಕತ್ತರಿಸಿದ, ಅರ್ಧ ಬೆಳ್ಳಗಾದ ಮೀಸೆಯಂತೆ. ಅದನ್ನು ಅವರು ಅಂದೇ ನೋಡಿದ್ದು.

ತಿದ್ದುತ್ತೀರಾ ಎಂದು ಕೇಳಿದೆ. “ಮೀಸಿ ತಿದ್ದಿದ್ರ ಅಂವನ ಮಾತ ಸುಳ್ಳ ಆಗತೈತ್ರಿ,” ಎಂದರು. ಮುಂದಿನ ಪುಟದಲ್ಲಿ ಎಲ್ಲರೂ ತಿರುಗಿ ಆ ಮೀಸೆಯನ್ನೇ ನೋಡುತ್ತಿರುವಾಗ ಬಸ್ಸು ಯಾರಿಗೂ ಗೊತ್ತಾಗದಂತೆ ಕಾಲುವೆ ದಾಟಿ ಆಚೆ ನಿಂತಿತ್ತು.

ಆಮೇಲೆ ಪುಟಗಳು ಭರಭರ ಬಂದವು. ತಮ್ಮ ದಿನಕ್ಕೊಂದು ಮಾತು ಹೇಳುತ್ತಿದ್ದ, ಎಲ್ಲವೂ ತಕರಾರೇ. ನನ್ನ ಅಂಗಿಗೆ ಗೆರಿ ಇಲ್ಲ. ನನ್ನ ಮೂಗ ಇಷ್ಟ ಉದ್ದ ಇಲ್ಲ. ಕಾಕಾ ಎಲ್ಲವನ್ನೂ ತುಂಬುತ್ತಿದ್ದರು. ಈಗ ತಮ್ಮನ ಜೊತೆ ಮಾತಾಡುತ್ತೀರಿ ಅಂದಂತಾಯಿತು ಎಂದು ನಾವು ಹೇಳಿದರೆ, “ಮಾತ ಅಂದ್ರ ಇಷ್ಟ ರೀ,” ಎನ್ನುತ್ತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತೋ ಏನೋ, ನಾನು ಕೆದಕಲಿಲ್ಲ. ಇನ್ನೆರಡು ಪುಟ ಉಳಿದಿವೆ ಎಂದು ಹೇಳಿಹೋದರು. ಮುಂದಿನ ಐತವಾರ ಎದೆ ಹಿಡಿದಂತಾಗಿದೆ, ಬರುವುದಿಲ್ಲ ಎಂದು ಫೋನಿಗೆ ಸಂದೇಶ ಬಂತು. ಅದರ ಮುಂದಿನ ಐತವಾರಕ್ಕೆ ಅವರು ಇರಲಿಲ್ಲ.

ನಾನು ಮತ್ತು ಹುಡುಗಿ ಹೊನವಾಡಕ್ಕೆ ಹೋಗಿ ಬಂದೆವು. ಅಲ್ಲಿ ನಾವು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಅವರ ಮಗ ನಮ್ಮನ್ನು ಕೂರಿಸಿ, “ಅಪ್ಪಾ ಐತವಾರಕ್ಕೊಮ್ಮಿ ಟೂಶನ್‌ಗೆ ಹೊಕ್ಕೇನಿ ಅಂತಿದ್ರು, ನಾವು ಚೇಷ್ಟಿ ಅಂತ ಮಾಡಿದ್ವಿ,” ಎಂದ.

ಸುಮಾರು ದಿನ ಕಳೆದ ಮೇಲೆ ಒಂದು ಐತವಾರ ಮೆಟ್ಟಿಲ ಮೇಲೆ ಅದೇ ಪೆಟ್ಟಿಗೆ ಏರಿ ಬಂತು. ಹೊತ್ತವರು ಬೇರೆ. ಸಣ್ಣ ಮೀಸೆ ನೋಡಿ ಯಾರೆಂದು ಕೇಳಬೇಕಾಗಲಿಲ್ಲ. ಅಣ್ಣ ಎಲ್ಲಿ ಕೂರುತ್ತಿದ್ದ ಎಂದು ಕೇಳಿದರು. ಮುಂದಿನ ಬೆಂಚು ತೋರಿಸಿದೆ. ಅವರು ಅದರ ಹಿಂದಿನ ಬೆಂಚಿಗೆ ಹೋಗಿ ಕೂತರು.

ಕೊನೆಯ ಎರಡು ಪುಟಗಳ ಚಿತ್ರ ಮುಗಿದಿತ್ತು. ಕೊನೆಯದರಲ್ಲಿ ಬಸ್ಸಿನ ಡ್ರೈವರ್ ಇದ್ದ. ಅಲ್ಲಿಯತನಕ ಎಲ್ಲಿಯೂ ಕಾಣಿಸಿಕೊಳ್ಳದವನು, ಇಲ್ಲಿಯೂ ಬೆನ್ನಷ್ಟೇ ಕಾಣುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತಿದ್ದಾನೆ, ಎದುರಿಗೆ ಬಯಲು, ಅವನ ತಲೆಯ ಮೇಲಿನ ಪುಗ್ಗಾ ಖಾಲಿ. ಇದೊಂದು ತುಂಬಿದರೆ ಕತೆ ಮುಗಿದಂತೆ.

“ಡ್ರೈವರನ್ನ ಕೇಳಿ ಬರಕೊಂಡ್ರ ಆತಲ್ರಿ,” ಎಂದಳು ಹುಡುಗಿ.

“ಕೇಳೀನಿ ತಂಗಿ. ಅಂವಾ, ನನ್ನ ತಲಿ ಬೋಳ ಐತಿ, ಇದು ನಾ ಅಲ್ಲ ಅಂದ.” ಅವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. “ಇದು ನಮ್ಮಣ್ಣ. ಎಡಗಡೆ ಹೆಗಲ ಇಳದೈತಿ ನೋಡ್ರಿ. ಸಣ್ಣಾಂವ ಇದ್ದಾಗ ಜ್ವಾಳ ತುಂಬೂ ಹಗೇವಿನ್ಯಾಗ ಬಿದ್ದಿದ್ದ.”

ನಾವಿಬ್ಬರೂ ಬಗ್ಗಿ ನೋಡಿದೆವು. ನಮಗೆ ಗುರುತು ಹತ್ತಲಿಲ್ಲ. ವರ್ಷಗಟ್ಟಲೆ ಎದುರಿಗೆ ಕೂತವರು ನಾವು, ಅವರ ಹೆಗಲು ಇಳಿದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ತಮ್ಮ ಬೆನ್ನನ್ನು ತಾವೇ ಅವರು ಹೇಗೆ ಬರೆದರೋ... ಬೇಕೆಂದು ಬರೆದರೋ, ಕೈಯಿಂದ ತಾನಾಗಿ ಬಂತೋ, ಹೇಳುವವರಿಲ್ಲ.

“ಬರೇ ಬೆನ್ನ ನೋಡಿ ಹೆಂಗ ಹೇಳ್ತೀರಿ?” ಎಂದು ನಾನೇ ಕೇಳಿದೆ.

“ಮಾತ ಬಿಟ್ಟಿದ್ದೆ, ಖರೆ. ಆದ್ರ ಅಣ್ಣಗ ಬೆನ್ನ ಕೊಟ್ಟು ಹೆಂಗ ಕುಂದ್ರೂದ್ರಿ? ಇಷ್ಟ ವರ್ಷನೂ ಅಂವನ ಹಿಂದಿನ ಸೀಟಿಗೇ ಕುಂತೇನಿ,” ಎಂದರು. “ಅಂವನ ಬೆನ್ನ ನೋಡಿದಷ್ಟ ನಾ ಯಾರ ಮಾರಿನೂ ನೋಡಿಲ್ಲ.”

ಆ ಪುಗ್ಗಾ ತುಂಬಿ ಎಂದು ಅವರು ನಮಗೆ ಹೇಳಲಿಲ್ಲ. ನಾವೂ ಕೈಹಾಕಲಿಲ್ಲ. ಇದ್ದಂತೆಯೇ ಝೆರಾಕ್ಸ್ ಮಾಡಿಸಿ, ಹೊಲಿದು, ಆ ಬಸ್ಸಿನವರಿಗೆ ಹಂಚಿದೆವು. ಹುಡುಗಿ ಈಗ ಬೇರೆ ಊರಿನ ದವಾಖಾನೆಗೆ ಹೋಗಿದ್ದಾಳೆ, ದೆವ್ವ ಬಂತೆಂದು ಫೋನಿನಲ್ಲಿ ಹೇಳಿದಳು. ಐತವಾರ ಹೊಸಬರು ನಾಲ್ಕೈದು ಮಂದಿ ಬರುತ್ತಾರೆ. ಈಚೆಗೆ ಅವರಲ್ಲೊಬ್ಬ ಆ ಕೊನೆಯ ಪುಟ ನೋಡಿ, ಇಲ್ಲಿ ಒಂದು ಒಳ್ಳೆಯ ಮಾತು ಹಾಕಬಹುದಿತ್ತು, ನಾನು ಬರೆದುಕೊಡಲೇ ಎಂದು ಕೇಳಿದ. ಬೇಡ ಎಂದೆ. ಕಾಕಾ ಅಲ್ಲಿ ಏನೆನ್ನುತ್ತಿದ್ದರು ಎಂದು ನನಗೂ ತಿಳಿಯಬೇಕಾಗಿತ್ತು, ಆದರೆ ಕೇಳಲು ಅವರೇ ಇಲ್ಲ.