ತವರು ಮೊದಲು, ಅತ್ತೆಮನೆ ಆಮೇಲೆ

ಊರು ಇನ್ನೂ ಮುಸುಕೆಳೆದು ಮಲಗಿರುವ ಹೊತ್ತಿಗೆ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಇಲಿಯಕ್ಕ ಸಂಶೋಧನಾಲಯದ ಹಿಂಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಮನೆಯ ಬಟ್ಟೆ ಬದಲಿಸಿ, ಒಗೆದಿಟ್ಟ ಹಸಿರು ನಿಲುವಂಗಿ ತೊಟ್ಟು, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಾರೆ. ಘಮಘಮಿಸುವ ಸೋಪಲ್ಲ, ಯಾವ ವಾಸನೆಯೂ ಇಲ್ಲದ್ದು. ಅವರು ಪೌಡರ್ ಹಾಕುವಂತಿಲ್ಲ, ತಲೆಗೆ ಎಣ್ಣೆ ಸವರುವಂತಿಲ್ಲ. ಇಷ್ಟೆಲ್ಲ ಮುಗಿಸಿ ಎದುರುಬದುರಾಗಿರುವ ಎರಡು ಬಾಗಿಲುಗಳ ನಡುವೆ ಬಂದು ನಿಂತವರು ಇಂದು ಯಾವುದನ್ನೂ ತೆಗೆಯುತ್ತಿಲ್ಲ.

"ಒಂದ್ನಿಮಿಷ ತಡೀರಿ. ಕೈ ನಡುಗ್ತಾ ಇದೆ. ಹೀಗೇ ಒಳಗೆ ಹೋದ್ರೆ ಅವಕ್ಕೆ ಗೊತ್ತಾಗ್ಬಿಡುತ್ತೆ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನಮಗೆ.

ಮನೆಯಿಂದ ಹೊರಡುವ ಹೊತ್ತಿಗೆ ಸರಿಯಾಗಿ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಅವರ ಒಂದು ಕಡೆಯ ಕೈಕಾಲು ಸ್ವಾಧೀನದಲ್ಲಿಲ್ಲ. ಅವರನ್ನು ಒಬ್ಬರೇ ಎತ್ತಿ ಕೂರಿಸಿ, ಒರೆಸಿ, ಮಲಗಿಸಿ ಓಡೋಡಿ ಬಂದಿದ್ದಾರೆ. ಬೇರೆ ದಿನವಾಗಿದ್ದರೆ ಸ್ವಲ್ಪ ತಡವಾಗುತ್ತದೆ ಎಂದು ಫೋನ್ ಮಾಡಬಹುದಿತ್ತು. ಇಂದು ಈ ತಂಡದ ಇಲಿಗಳಿಗೆ ಕೊನೆಯ ಪರೀಕ್ಷೆ.

ಎಡಗಡೆಯ ಕೋಣೆಗೆ 'ತವರು', ಬಲಗಡೆಯದಕ್ಕೆ 'ಅತ್ತೆಮನೆ' ಎಂದು ಹೆಸರಿಟ್ಟವರು ಇಲಿಯಕ್ಕನೇ. ಬಾಗಿಲ ಮೇಲಿನ ಫಲಕದಲ್ಲಿ ಬೇರೇನೋ ಬರೆದಿದೆ, ಅದನ್ನು ಈಗ ಯಾರೂ ಓದುವುದಿಲ್ಲ. ನಿರ್ದೇಶಕರೇ ಒಮ್ಮೆ ದೊಡ್ಡ ಸಭೆಯಲ್ಲಿ ಬಾಯಿತಪ್ಪಿ 'ನಮ್ಮ ಅತ್ತೆಮನೆಯ ಇಲಿಗಳು' ಎಂದು ನಾಲಿಗೆ ಕಚ್ಚಿಕೊಂಡಿದ್ದರಂತೆ.

ದಿನಗಟ್ಟಲೆ ಬಿಡದೆ ಕಾಡುವ ಒತ್ತಡ ಮೈಯ ಮಾಂಸಖಂಡಗಳನ್ನು ಏನು ಮಾಡುತ್ತದೆ ಎಂಬುದು ಇಲ್ಲಿಯವರ ಪ್ರಶ್ನೆ. ಮನುಷ್ಯರನ್ನು ಹಿಡಿದು ಕಾಡಿಸಿ ನೋಡಲಾಗುವುದಿಲ್ಲವಲ್ಲ, ಅದಕ್ಕೇ ಇಲಿಗಳು. ತವರಿನವಕ್ಕೆ ಒಣ ಹಾಸು, ಹೊತ್ತಿಗೆ ಸರಿಯಾಗಿ ಬೆಳಕು, ಹೊತ್ತಿಗೆ ಸರಿಯಾಗಿ ಕತ್ತಲೆ. ಅತ್ತೆಮನೆಯವಕ್ಕೂ ಅದೇ ತಿಂಡಿ, ಅದೇ ನೀರು. ಆದರೆ ಒಂದು ದಿನ ಹಾಸು ಒದ್ದೆ, ಇನ್ನೊಂದು ದಿನ ಪಂಜರ ಓರೆ, ಮತ್ತೊಂದು ದಿನ ಮಗ್ಗುಲು ಬದಲಿಸಲೂ ಆಗದ ಕೊಳವೆಯೊಳಗೆ ಒಂದಷ್ಟು ಹೊತ್ತು. ಯಾವ ದಿನ ಯಾವ ಕಾಟ ಎಂಬುದು ಅವಕ್ಕೆ ಮೊದಲೇ ತಿಳಿಯಬಾರದು.

"ಹೊಡೆಯಲ್ಲ, ಬಡಿಯಲ್ಲ. ನೆಮ್ಮದಿ ಒಂದು ಕೊಡಲ್ಲ ಅಷ್ಟೇ. ಅತ್ತೆಮನೆ ಅಂದ್ರೆ ಅದೇ ಅಲ್ವಾ?" ಎಂದು ತಮ್ಮ ಮಾತಿಗೆ ತಾವೇ ನಗುತ್ತಾರೆ. ಆಮೇಲೆ ಮಾಸ್ಕ್ ಸರಿಮಾಡಿಕೊಳ್ಳುತ್ತಾ, "ಹಾಸು ಒದ್ದೆ ಮಾಡೋಳೂ ನಾನೇ, ಒಣಗಿದ್ದು ಹಾಕೋಳೂ ನಾನೇ. ನನ್ನ ಕಂಡ್ರೆ ಓಡ್ಬೇಕೋ ಹತ್ರ ಬರ್ಬೇಕೋ ಅಂತ ಪಾಪ, ಅವಕ್ಕೇ ತಿಳಿಯಲ್ಲ" ಎನ್ನುತ್ತಾರೆ. ಈ ಮಾತು ಹೇಳುವಾಗ ನಗುವುದಿಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿದೆ. ಮೊದಲು ತವರು, ಆಮೇಲೆ ಅತ್ತೆಮನೆ. ಒಮ್ಮೆ ಅತ್ತೆಮನೆ ಹೊಕ್ಕರೆ ಅಂದು ಮತ್ತೆ ತವರಿನ ಹೊಸಿಲು ತುಳಿಯುವಂತಿಲ್ಲ. ಹೆದರಿದ ಇಲಿಯ ವಾಸನೆ ಬಟ್ಟೆಗೆ ಅಂಟಿರುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು, ಇಲಿಗಳಿಗೆ ತಿಳಿಯುತ್ತದೆ. ಆ ಭಯ ಅವಕ್ಕೂ ಹತ್ತಿಬಿಟ್ಟರೆ ತವರು ತವರಾಗಿ ಉಳಿಯುವುದಿಲ್ಲ, ಹೋಲಿಸಿ ನೋಡಲು ನೆಮ್ಮದಿಯ ಇಲಿಯೇ ಇರುವುದಿಲ್ಲ.

ಹೋದ ವರ್ಷ ಆದದ್ದು ಅದೇ. ಯಜಮಾನರು ಆಸ್ಪತ್ರೆ ಸೇರಿದ್ದರು. ಇಲಿಯಕ್ಕ ಆಸ್ಪತ್ರೆಯ ಬೆಂಚಿನಿಂದ ಎದ್ದು ನೇರ ಕೆಲಸಕ್ಕೆ, ಕೆಲಸದಿಂದ ಮತ್ತೆ ಬೆಂಚಿಗೆ. ನಿದ್ದೆಗಣ್ಣಲ್ಲಿ ಒಂದು ದಿನ ಬಲಗಡೆಯ ಬಾಗಿಲು ಮೊದಲು ತೆಗೆದರು. ಅಲ್ಲಿನ ಕೆಲಸ ಮುಗಿಸಿ, ಅದೇ ನಿಲುವಂಗಿಯಲ್ಲಿ ತವರಿಗೆ ಹೋಗಿ ಪಂಜರದ ಮುಚ್ಚಳ ಎತ್ತಿದರು.

"ಎಲ್ಲಾ ಮೂಲೆಗೆ ಸೇರ್ಕೊಂಡ್ಬಿಟ್ವು. ಯಾಕಪ್ಪಾ ಅಂತ ನನ್ನ ತೋಳು ನಾನೇ ಮೂಸ್ಕೊಂಡೆ. ಆಗ ನೆನಪಾಯ್ತು, ಅತ್ತೆಮನೆಯಿಂದ ಬಂದಿದೀನಿ ಅಂತ."

ಯಾರೂ ನೋಡಿರಲಿಲ್ಲ. ಆದರೆ ಆ ವಾರವೆಲ್ಲ ಹಾಗೆ ಎಷ್ಟು ಸಲ ಅದಲುಬದಲಾಗಿತ್ತೋ ಅವರಿಗೇ ನೆನಪಿರಲಿಲ್ಲ. ಪ್ರಯೋಗ ನಡೆಸುವ ಡಾಕ್ಟರಮ್ಮನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಆ ತಂಡವನ್ನು ಪೂರ್ತಿ ಕೈಬಿಡಬೇಕಾಯಿತು. "ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. 'ಹೇಳಿದ್ದು ಒಳ್ಳೇದಾಯ್ತು ಅಕ್ಕ' ಅಂದ್ರು. ಅಷ್ಟೂ ಜೀವ ದಂಡ ಆಗೋದ್ವು ಕಣ್ರೀ. ಕಷ್ಟ ಪಟ್ಟಿದ್ದಕ್ಕೂ ಅರ್ಥ ಇಲ್ದಂಗೆ."

ಅದಕ್ಕೇ ಈ ಸಲ ಅವರು ಒಂದು ದಿನವೂ ರಜೆ ಹಾಕಿಲ್ಲ. ಹೊಸಬರ ಕೈ ಬಂದರೆ ಅದೂ ಇಲಿಗಳಿಗೆ ಒಂದು ಒತ್ತಡವೇ. ಜ್ವರವಿದ್ದ ದಿನ ಮಾತ್ರೆ ನುಂಗಿ ಬಂದರು. ಸಂಜೆ ಮನೆಗೆ ಹೋಗಿ ಕುರ್ಚಿಯಲ್ಲಿ ಕುಕ್ಕರಿಸಿದರೆ ಏಳಲು ಮೈ ಒಪ್ಪುವುದಿಲ್ಲ. ಡಬ್ಬದ ಮುಚ್ಚಳ ತಿರುಗಿಸುವುದಕ್ಕೂ ಬೆರಳಲ್ಲಿ ಬಲವಿಲ್ಲ. ಪಕ್ಕದ ಮನೆಯಲ್ಲೇ ಇರುವ ನಾದಿನಿ ಬಾಗಿಲಲ್ಲಿ ನಿಂತು, "ಇಲಿಗೆ ನೀರಿಡೋದೂ ಒಂದು ಕೆಲಸವಾ ಅತ್ತಿಗೆ? ಅದಕ್ಕೂ ಸುಸ್ತಾ? ನಿಮಗೆ ಸೋಮಾರಿತನ ಮೈಗೂಡಿದೆ ಅಷ್ಟೇ" ಎನ್ನುತ್ತಾರೆ. ತಿರುಗಿ ಮಾತಾಡಲೂ ತ್ರಾಣ ಬೇಕು.

ಇಂದು ಕೈ ನಡುಕ ನಿಲ್ಲುವವರೆಗೂ ಅವರು ಗೋಡೆಗೆ ಒರಗಿ ನಿಲ್ಲುತ್ತಾರೆ. ಆಮೇಲೆ ಎಡಗಡೆಯ ಬಾಗಿಲು ತೆಗೆದು ಮೊದಲ ಪಂಜರದ ಮುಚ್ಚಳ ಎತ್ತಿ, ಉಸಿರು ಬಿಗಿಹಿಡಿದು ನೋಡುತ್ತಾರೆ. ಇಲಿಗಳು ಮೂಲೆಗೆ ಓಡುವುದಿಲ್ಲ. ಮೀಸೆ ಅಲುಗಿಸುತ್ತಾ ಕೈಯ ಹತ್ತಿರಕ್ಕೇ ಬರುತ್ತವೆ. "ಬಂದ್ರಾ ತಾಯಂದ್ರಾ," ಎಂದು ಪಿಸುಗುಟ್ಟುವಾಗ ಅವರ ಹೆಗಲು ಇಳಿಯುತ್ತದೆ.

ಪರೀಕ್ಷೆ ಸರಳವಾದದ್ದು. ಯಂತ್ರಕ್ಕೆ ಕೂಡಿಸಿದ ಪುಟ್ಟ ತಂತಿಬಲೆಯನ್ನು ಇಲಿ ಮುಂಗಾಲುಗಳಿಂದ ಹಿಡಿಯುತ್ತದೆ. ಇಲಿಯಕ್ಕ ಬಾಲ ಹಿಡಿದು ಮೆಲ್ಲಗೆ ಹಿಂದಕ್ಕೆಳೆಯುತ್ತಾರೆ. ಎಷ್ಟು ಬಲ ಬಿದ್ದಾಗ ಹಿಡಿತ ತಪ್ಪಿತು ಎಂಬುದನ್ನು ಡಾಕ್ಟರಮ್ಮ ಓದಿಕೊಳ್ಳುತ್ತಾರೆ. ತವರಿನವು ಹಟ ಹಿಡಿದು ಜಗ್ಗುತ್ತವೆ. ಅತ್ತೆಮನೆಯವು ಹಿಡಿಯುತ್ತವೆ, ಹಿಡಿದಂತೆಯೇ ಬಿಟ್ಟುಬಿಡುತ್ತವೆ. ಒಂದರ ಮುಂಗಾಲು ತಂತಿಯ ಮೇಲೆ ಸುಮ್ಮನೆ ಕೂತಿದ್ದು ಹಾಗೆಯೇ ಜಾರುತ್ತದೆ. ಇಲಿಯಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಪಂಜರಕ್ಕೆ ಬಿಡುತ್ತಾರೆ.

"ಈ ಸಲ ಎಲ್ಲಾ ಸರಿ ಬಂತು ಅಕ್ಕ," ಎನ್ನುತ್ತಾರೆ ಡಾಕ್ಟರಮ್ಮ. ಸಂಜೆಯ ಹೊತ್ತಿಗೆ ಇಲಿಗಳನ್ನು ಕೊನೆಯ ಕೋಣೆಗೆ ಒಯ್ಯುತ್ತಾರೆ. ಅಲ್ಲಿ ಅವುಗಳ ಜೀವ ತೆಗೆದು ಮಾಂಸಖಂಡ ಪರೀಕ್ಷಿಸುತ್ತಾರೆ. ಇಲಿಯಕ್ಕ ಆ ಬಾಗಿಲವರೆಗೂ ಬಿಟ್ಟು ಬರುತ್ತಾರೆ, ಒಳಗೆ ಹೋಗುವುದಿಲ್ಲ.

ನಾಳೆಯಿಂದ ಅವರಿಗೆ ರಜೆ. ಏನು ಮಾಡುತ್ತೀರಿ ಎಂದರೆ "ಮಲಗ್ತೀನಿ" ಎನ್ನುತ್ತಾರೆ. ನಿಮ್ಮ ಬಗ್ಗೆ ಏನು ಬರೆಯೋಣ ಎಂದರೆ ಕೈಯಾಡಿಸಿಬಿಡುತ್ತಾರೆ. ಗೇಟಿನವರೆಗೂ ಹೋದವರು ಏನೋ ನೆನಪಾಗಿ ತಿರುಗಿ ಬರುತ್ತಾರೆ.

"ನನ್ನ ಬಗ್ಗೆ ಬೇಡ, ಆ ಅತ್ತೆಮನೆಯವುಗಳ ಬಗ್ಗೆ ಬರೀರಿ. ಅದು ಸೋಮಾರಿತನ ಅಲ್ಲ, ಮೈ ಸೋತಿರೋದು ಅಂತ. ಡಾಕ್ಟರಮ್ಮ ಅಳತೆ ಮಾಡಿ ನೋಡಿದಾರೆ ಅಂತಾನೂ ಹಾಕಿ. ಸ್ವಲ್ಪ ದಪ್ಪಕ್ಷರದಲ್ಲೇ ಹಾಕಿ," ಎಂದು ದನಿ ತಗ್ಗಿಸುತ್ತಾರೆ. "ಭಾನುವಾರದ ಪೇಪರು ನಮ್ಮ ನಾದಿನಿ ಒಂದಕ್ಷರ ಬಿಡದೆ ಓದ್ತಾಳೆ."