ಮಸುಕು ಗಾಜಿನ ಟಾರ್ಚು

ಹೆಂಡತಿಯ ಟಾರ್ಚು ಅಡುಗೆಮನೆಯ ನೆಲಕ್ಕೆ ಬಿದ್ದು ಮುಂದಿನ ಗಾಜು ಒಡೆಯಿತು. ಚೂರುಗಳನ್ನು ಗುಡಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಕಟ್ಟಡದ ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದವನು ನಾನು. ಆಗ ಅದು ಸರಿಯಾದ ಕೆಲಸ ಎನಿಸಿತ್ತು.

ಅವಳಿಗೆ ರೆಟಿನಾದ ತೊಂದರೆ. ಹಗಲಿನಲ್ಲಿ ನಿಭಾಯಿಸುತ್ತಾಳೆ, ಕತ್ತಲಾದರೆ ನೋಟದ ಅಂಚುಗಳು ಮುಚ್ಚಿಕೊಳ್ಳುತ್ತವೆ. ಸೂರ್ಯ ಮುಳುಗಿದ ಮೇಲೆ ಕಾರು ಓಡಿಸುವುದನ್ನು ಹೋದ ವರ್ಷ ನಿಲ್ಲಿಸಿದಳು. ಒಬ್ಬಳೇ ಹೋಗಿಬರುವ ಜಾಗವೆಂದು ಉಳಿದದ್ದು ಒಂದೇ. ಗಲ್ಫಿನ ಈ ಊರಲ್ಲಿ, ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ಸ್ವಲ್ಪ ಆಚೆಯ ಓಣಿಯಲ್ಲಿ, ಹತ್ತನೇ ತರಗತಿಯ ಮಕ್ಕಳಿಗೆ ಅವಳು ಗಣಿತ ಹೇಳಿಕೊಡುತ್ತಾಳೆ. ಚಳಿಗಾಲದಲ್ಲಿ ಪಾಠಕ್ಕೆ ಹೊರಡುವ ಹೊತ್ತಿಗೇ ಕತ್ತಲು. ಪೈಪು ಹಾಕಲು ರಸ್ತೆ ಅಗೆದು ಅರ್ಧ ಮುಚ್ಚಿ ಬಿಟ್ಟಿದ್ದಾರೆ. ಆ ಟಾರ್ಚು ಇಲ್ಲದಿದ್ದರೆ ಆ ನಡಿಗೆಯೂ ಇಲ್ಲ.

"ನಾನು ಬಿಟ್ಟು ಬರ್ತೀನಿ ಬಾ" ಅಂದೆ.

"ಇವತ್ತು ಬಿಟ್ಟು ಬರ್ತೀರಿ. ಆಮೇಲೆ ಪ್ರತಿ ಪಾಠಕ್ಕೂ ನೀವು ಆಫೀಸಿಂದ ಬರೋದನ್ನೇ ಕಾಯ್ಕೊಂಡು ಕೂತಿರಬೇಕು ನಾನು. ಗಾಜು ಹಾಕಿಸಿಕೊಡಿ ರೀ, ಸಾಕು."

ಹೊಸ ಟಾರ್ಚುಗಳನ್ನು ಅವಳು ಅಂಗಡಿಯಲ್ಲಿ ಮೊದಲೇ ಉರಿಸಿ ನೋಡಿ ಬೇಡವೆಂದಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯವರೆಲ್ಲ ಹೊಸದನ್ನೇ ಕೈಗಿಟ್ಟರು. ಗಾಜು ಮಾತ್ರ ಬೇಕು ಎಂದರೆ, ಹಾಲು ಬೇಡ, ಕೆನೆ ಮಾತ್ರ ಕೊಡಿ ಎಂದವನನ್ನು ನೋಡುವಂತೆ ನೋಡಿದರು. ಕನ್ನಡಕದ ಅಂಗಡಿಯಲ್ಲಿ ಕೌಂಟರಿನವನು ಕಂಪ್ಯೂಟರಿನಿಂದ ತಲೆ ಎತ್ತದೆ ಹಿಂದಿಯಲ್ಲಿ ಪವರ್ ಕೇಳಿದ.

"ಕಣ್ಣಿಗಲ್ಲ, ಟಾರ್ಚಿಗೆ."

"ಸಿಪಿಆರ್ ಕೊಡಿ." ಇಲ್ಲಿನ ಗುರುತಿನ ಚೀಟಿ ಅದು. "ನಂಬರ್ ಹಾಕದೆ ಆರ್ಡರ್ ಹೋಗಲ್ಲ."

"ಟಾರ್ಚಿಗೆ ಇನ್ನೂ ಸಿಪಿಆರ್ ಆಗಿಲ್ಲ" ಅಂದೆ. ಅವನು ನಗಲಿಲ್ಲ.

ಕೊನೆಗೆ ಗುರುವಾರ ಅರ್ಧ ದಿನ ರಜೆ ಹಾಕಿ ಬಂದರಿನ ಕಡೆ, ಮೀನಾ ಸಲ್ಮಾನ್ ಎಂಬಲ್ಲಿನ ಗಾಜಿನ ವರ್ಕ್‌ಶಾಪಿಗೆ ಹೋದೆ. ಮಧ್ಯಾಹ್ನದ ವಿರಾಮಕ್ಕೆ ಶಟರ್ ಎಳೆದಿತ್ತು. ತೆರೆಯುವವರೆಗೆ ಕಾರಿನಲ್ಲೇ ಕೂತೆ. ಬಂದ ಮಾಲೀಕ ಉಪ್ಪಿನಂಗಡಿ ಕಡೆಯ ಬ್ಯಾರಿ. ನನ್ನ ಹಿಂದಿ ಕೇಳಿದ್ದೇ ಕನ್ನಡಕ್ಕೆ ತಿರುಗಿದ.

"ನಾವು ಟೇಬಲ್ಲಿನ ಗಾಜು ಕತ್ತರಿಸುವವರು ಮಾರಾಯ್ರೆ. ಇದು ಬಿಸ್ಕೆಟಿನಷ್ಟು ಉಂಟು. ಹಳೇದು ಎಲ್ಲಿ?"

"ಬಿಸಾಡಿದೆ."

"ಒಂದು ಚೂರಾದ್ರೂ ತರ್ಬೇಕಿತ್ತು. ಯಾವ ಗಾಜು ಅದು?"

"ಗಾಜು, ಅಷ್ಟೇ."

"ಅಷ್ಟೇ ಅಂತೆ" ಎಂದು ತನ್ನ ಕೆಲಸದವನ ಕಡೆ ನೋಡಿ ನಕ್ಕ. ಕತ್ತರಿಸಿದ ಮೊದಲ ಗಾಜು ಸೀಳಿತು. ಮುಂದಿನದೂ ಸೀಳಿತು. ಆಮೇಲಿನದರ ಅಂಚನ್ನು ಇಕ್ಕಳದಿಂದ ಚೂರು ಚೂರೇ ಮುರಿದು, ಉಜ್ಜಿ, ಟಾರ್ಚಿನ ರಿಂಗಿನೊಳಗೆ ಕೂರಿಸಿದ. "ಚಂದ ಇಲ್ಲ. ಆದ್ರೆ ರಿಂಗು ಮುಚ್ತದೆ."

ಪಾಠಕ್ಕೆ ಅರ್ಧ ಗಂಟೆ ಇರುವಾಗ ಮನೆ ಸೇರಿದೆ. ಅವಳು ಹಜಾರದ ದೀಪ ಆರಿಸಿ ಟಾರ್ಚು ಹಚ್ಚಿದಳು. ಗೋಡೆಯ ಮೇಲೆ ತಟ್ಟೆಯಷ್ಟು ಬಿಳಿ ವೃತ್ತ, ಸುತ್ತ ಕತ್ತಲು.

"ಇದಲ್ಲ ರೀ."

"ಗಾಜು ಗಾಜೇ ತಾನೆ?"

"ಹಳೇದು ಬಾತ್‌ರೂಮ್ ಕಿಟಕಿ ಗಾಜಿನ ಹಾಗೆ ಮಸುಕಾಗಿತ್ತು. ಬೆಳಕು ಅಗಲವಾಗಿ ಹರಡ್ತಿತ್ತು. ನೇರ ಎದುರಿಗಿರೋದು ನನಗೆ ಹೇಗೋ ಕಾಣುತ್ತೆ. ಗುಂಡಿ ಇರೋದು ಪಕ್ಕದಲ್ಲಿ. ತಲೆ ತಿರುಗಿಸಿದ ಕಡೆಯೆಲ್ಲ ಬೆಳಕಿರಬೇಕು."

ಇಷ್ಟು ವರ್ಷ ಆ ಟಾರ್ಚು ಮನೆಯಲ್ಲಿತ್ತು. ಅದರ ಗಾಜು ಹೇಗಿತ್ತೆಂದು ನಾನು ನೋಡಿರಲಿಲ್ಲ. ಮರುದಿನ ಶುಕ್ರವಾರ, ವರ್ಕ್‌ಶಾಪಿಗೆ ರಜೆ.

"ಇವತ್ತೊಂದು ದಿನ ಬರಲ್ಲ ಅಂತ ಹೇಳು."

"ಸೋಮವಾರವೂ ಹಾಗೇ ಹೇಳಿದೀನಿ. ಆ ಮಕ್ಕಳ ತಾಯಂದಿರು ಆಗಲೇ ಬೇರೆ ಟೀಚರ್ ವಿಚಾರಿಸ್ತಿದಾರೆ."

ಅವಳು ಫ್ರಿಜ್ಜಿನಿಂದ ಮೊಸರಿನ ಡಬ್ಬಿ ತೆಗೆದು, ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಳ ತೊಳೆದು ಒರೆಸಿದಳು. ಅದರ ಮೇಲೆ ರಿಂಗು ಇಟ್ಟು ಪೆನ್ನಿನಿಂದ ಗೆರೆ ಎಳೆದು, ಗೆರೆಯ ಒಳಗೇ ಕತ್ತರಿಸಿ, ನನ್ನ ಗಾಜಿನ ಹಿಂದೆ ಕೂರಿಸಿದಳು. ಬೆಳಕು ಮಂದವಾಯಿತು. ಆದರೆ ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೂ ಹರಡಿತು. ನಾನು ರಜೆ ಹಾಕಿ ತಂದ ಗಾಜಿಗೆ ಈಗ ಮೊಸರಿನ ಮುಚ್ಚಳವನ್ನು ಬೀಳದಂತೆ ಹಿಡಿದುಕೊಳ್ಳುವ ಕೆಲಸ.

"ಸಾಲುತ್ತಾ ಇದು?" ಎಂದು ಕೇಳಿದೆ. ಸ್ವರ ಒರಟಾಗಿಯೇ ಬಂತು.

"ಹೋಗಿ ನೋಡಿದರೆ ಗೊತ್ತಾಗುತ್ತೆ. ಹಿಂದೆ ಬರಬೇಡಿ."

"ಬರಲ್ಲ."

"ಕಿಟಕಿಯಿಂದ ನೋಡೋದೂ ಬೇಡ."

"ಅದು ನನ್ನ ಮನೆ ಕಿಟಕಿ."

ಕೆಳಗೆ ಅವಳ ಬೆಳಕು ಓಣಿಗೆ ಇಳಿಯಿತು. ರಸ್ತೆಯ ಎರಡೂ ಅಂಚು ಮುಟ್ಟುತ್ತ ನಿಧಾನವಾಗಿ ಹೋಯಿತು. ಅಗೆದ ಜಾಗದಲ್ಲಿ ನಿಂತಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಮತ್ತೆ ನಿಂತಿತು. ಆಮೇಲೆ ಹಾಸಿದ ಹಲಗೆಯ ಮೇಲೆ ಹಾದು, ಆಚೆ ದಾಟಿ, ಮೂಲೆಯಲ್ಲಿ ತಿರುಗಿತು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಿಟಕಿ ಬಿಟ್ಟು ಬರುವಾಗ ನೋಡಿಕೊಂಡೆ: ಹೊರಗಿನ ಚಪ್ಪಲಿ ಕಾಲಲ್ಲೇ ಇತ್ತು. ಯಾವಾಗ ಮೆಟ್ಟಿಕೊಂಡೆನೋ ತಿಳಿಯದು. ಕಳಚಿ, ಅವಳು ಬರುವುದರೊಳಗೆ ಬಾಗಿಲ ಬಳಿ ಮೊದಲಿದ್ದ ಹಾಗೇ ಇಟ್ಟೆ.